ಹೊಳೆ ಓಣಿಯ ಮೆಂಬರಮ್ಮ

ಪುಟ್ಟಲಕ್ಷ್ಮಮ್ಮ ಪುರಸಭೆ ಮೆಂಬರಾದದ್ದು ಅವಳು ಯಾರ ಪೈಕಿಯೂ ಅಲ್ಲ ಅನ್ನುವ ಒಂದೇ ಕಾರಣಕ್ಕೆ.

ತೊಂಬತ್ತಾರನೇ ಇಸವಿಯ ಮಾತು. ಶ್ರೀರಂಗಪಟ್ಟಣದ ಗಂಜಾಂ ಕಡೆಯ ಒಂದು ವಾರ್ಡು ಹೆಂಗಸರಿಗೆ ಮೀಸಲಾಯಿತು. ಆ ವಾರ್ಡಿನಲ್ಲಿ ಎರಡು ದೊಡ್ಡ ಮನೆತನ. ಒಂದು ನಂಜಪ್ಪನವರದು, ಇನ್ನೊಂದು ಕೆಂಪಣ್ಣನವರದು. ಗದ್ದೆ, ತೋಟ, ಹಾಲು ಕರೆಯುವ ದನ ಎರಡೂ ಕಡೆ ಬೇಕಾದಷ್ಟಿದ್ದವು. ಇಲ್ಲದ್ದು ಮಾತುಕತೆ ಮಾತ್ರ. ಈ ಮನೆಯ ಸೊಸೆ ನಿಂತರೆ ಆ ಮನೆಯವರು ಬಿಡುವುದಿಲ್ಲ, ಆ ಮನೆಯ ಮಗಳು ನಿಂತರೆ ಇವರು ಸುಮ್ಮನಿರುವುದಿಲ್ಲ. ನಾಮಪತ್ರ ಹಾಕುವ ಕೊನೇ ದಿನ ಹತ್ತಿರ ಬಂದಾಗ ಹಾಲಿನ ಡೈರಿ ಮುಂದೆ ನಾಲ್ಕು ಜನ ಸೇರಿದರು. ನಂಜಪ್ಪ ಟವಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು, "ದನದ ಆಸ್ಪತ್ರೆ ಕಾಂಪೌಂಡ್ರು ಸೋಮಯ್ಯನ ಹೆಂಡ್ರನ್ನ ನಿಲ್ಸಾನ ಕಣ್ರಲಾ. ಆ ಯಮ್ಮಂಗೆ ಇಲ್ಲಿ ಅಣ್ಣ ಇಲ್ಲ ತಮ್ಮ ಇಲ್ಲ, ಬೀಗ್ರಿಲ್ಲ ಬಿಜ್ರಿಲ್ಲ. ಯಾರ ಕಡೀಕೂ ವಾಲಾಕಿಲ್ಲ," ಅಂದ. ಕೆಂಪಣ್ಣನ ಕಡೆಯವರಿಗೂ ಅದೇ ಸರಿ ಅನ್ನಿಸಿತು.

ಸುದ್ದಿ ಕೇಳಿದಾಗ ಪುಟ್ಟಲಕ್ಷ್ಮಮ್ಮ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ಗಂಡನ ಮುಖ ನೋಡಿದಳು. "ನಾನಾ? ನಂಗೇನ್ ಗೊತ್ತೈತೆ?"

"ಯಾರ್ಗೆ ಗೊತ್ತೈತೆ? ನಿಂತ್ಕೊ, ನೋಡಾನ," ಅಂದ ಸೋಮಯ್ಯ. ಅವನು ಹಾಗೇ. ರೋಗ ಬಂದ ಎಮ್ಮೆಯ ಮುಂದೆ ನಿಂತಾಗಲೂ ಅದೇ ಮಾತು, ನೋಡಾನ.

ಅವಳು ಹುಟ್ಟಿ ಬೆಳೆದದ್ದು ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ. ಮದುವೆಯಾದ ಮೇಲೆ ಗಂಡನ ನೌಕರಿಯ ಹಿಂದೆ ಕೆ.ಆರ್. ಪೇಟೆಯ ಬಾಡಿಗೆ ಮನೆ, ಆಮೇಲೆ ನಾಗಮಂಗಲ, ಆಮೇಲೆ ಪಾಂಡವಪುರ. ಒಂದೊಂದು ಊರಲ್ಲೂ ಒಲೆ ಹೂಡಿ, ಅಕ್ಕಪಕ್ಕದವರ ಹೆಸರು ಕಲಿತು, ಬಾವಿಯ ದಾರಿ ಗುರುತಾಗುವ ಹೊತ್ತಿಗೆ ಮತ್ತೆ ಸಾಮಾನು ಲಾರಿ ಹತ್ತುತ್ತಿತ್ತು. ಶ್ರೀರಂಗಪಟ್ಟಣಕ್ಕೆ ಬಂದ ಮೇಲೆ ಮಾತ್ರ ಯಾಕೋ ಅವರನ್ನು ಯಾರೂ ಕದಲಿಸಲಿಲ್ಲ. ಮಗಳು ರಂಜಿತ ಇಲ್ಲೇ ಓದಿ, ಇಲ್ಲಿಂದಲೇ ಪಾಲಹಳ್ಳಿಗೆ ಸೊಸೆಯಾಗಿ ಹೋದಳು. ಇಷ್ಟಾದರೂ ಸೊಪ್ಪು ಮಾರುವವಳಿಂದ ಹಿಡಿದು ಹಿಟ್ಟಿನ ಗಿರಣಿಯವನ ತನಕ ಅವಳು ಸಿಂಧಘಟ್ಟದಮ್ಮನೇ. ಅವಳಿಗೂ ಹಾಗೇ ಇತ್ತು. ಇಷ್ಟು ವರ್ಷ ಇಲ್ಲಿ ಮಲಗಿ ಎದ್ದರೂ ಅವಳಿಗೆ ಬೀಳುತ್ತಿದ್ದ ಕನಸೆಲ್ಲ ಸಿಂಧಘಟ್ಟದ ಕೆರೆ ಏರಿಯ ಮೇಲಿನವೇ. ಗಂಜಾಮಿನ ಜನ ಕನಸಿಗೆ ಬಂದರೂ ಆ ಏರಿಯ ಮೇಲೇ ನಡೆದು ಬರುತ್ತಿದ್ದರು. ನಂಜಪ್ಪ ತನ್ನ ದನಗಳಿಗೆ ಅಲ್ಲಿ ನೀರು ಕುಡಿಸುತ್ತಿದ್ದ.

ಓಟು ಕೇಳಲು ಹೊರಟ ದಿನಗಳಲ್ಲೇ ಅವಳು ಆ ಮೆಟ್ಟಿಲು ಕಂಡದ್ದು.

ಬೆಳಗಿನ ಹೊತ್ತು. ಬಟ್ಟೆ ಒಗೆಯುವ ಹೆಂಗಸರನ್ನು ಮಾತಾಡಿಸೋಣ ಅಂತ ಸುತ್ತುಬಳಸಿನ ದಾರಿಯಲ್ಲಿ ಹೊಳೆಗೆ ಇಳಿದಿದ್ದಳು. ಕಾವೇರಿಯ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ಕಟ್ಟಿತ್ತು. ಆಚೆ ದಡ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಅಂಥದರಲ್ಲಿ ನೀರಿನಿಂದಲೇ ಎದ್ದು ಬಂದಂತೆ ಸಾಲಾಗಿ ಕಲ್ಲಿನ ಮೆಟ್ಟಿಲು ಕಂಡವು. ಹಳೇ ಕಲ್ಲು, ನಡುವೆ ಸವೆದು ಹಳ್ಳ ಬಿದ್ದಿದ್ದವು. ಯಾರೋ ಕರೆದ ಹಾಗಾಗಿ ಅವಳು ಹತ್ತುತ್ತ ಹೋದಳು. ಮೇಲೆ ಹೋದರೆ ಮೆಟ್ಟಿಲು ನೇರ ಒಂದು ಮಣ್ಣಿನ ಗೋಡೆಗೆ ಮುಟ್ಟಿ ನಿಂತಿತ್ತು. ಬಾಗಿಲಿಲ್ಲ, ಕಿಂಡಿಯಿಲ್ಲ. ಗೋಡೆಯ ಬುಡದಲ್ಲಿ ಗರಿಕೆ ಬೆಳೆದಿತ್ತು. ಅವಳು ಅಂಗೈ ಇಟ್ಟು ನೋಡಿದಳು. ಗೋಡೆ ಬೆಚ್ಚಗಿತ್ತು. ಆಚೆ ಕಡೆಯಿಂದ ಯಾವುದೋ ದೊಡ್ಡ ಜೀವ ಉಸಿರು ಬಿಟ್ಟಿತು, ಗಂಟೆ ಅಲ್ಲಾಡಿತು. ದನ!

ಕೆಳಗೆ ಮುದುಕಿ ಮಾರಮ್ಮ ಸೀರೆ ಹಿಂಡುತ್ತಿದ್ದಳು. ಆ ಬೀದಿಯಲ್ಲಿ ಎಲ್ಲರಿಗಿಂತ ಹಳಬಳು ಅವಳು.

"ಇದೇನು ಮಾರಮ್ಮಜ್ಜಿ, ಮೆಟ್ಲು ಗ್ವಾಡೆಗೆ ಹೋಗ್ತೈತೆ?"

"ಅದು ಹೊಳೆ ಓಣಿ ಕಣವ್ವ. ನಾನು ಮದ್ವೆಯಾಗಿ ಬಂದಾಗ ಇದ್ರಾಗೇ ಗಂಗೆ ಪೂಜೆಗೆ ಕರ್ಕೊಬಂದಿದ್ರು. ಬೀದಿಯಿಂದ ನೆಟ್ಟಗೆ ನೀರ್ಗೆ ಬರೋದು."

"ಯಾಕೆ ಮುಚ್ಚವ್ರೆ?"

ಮಾರಮ್ಮ ಹಿಂಡಿದ ಸೀರೆಯನ್ನೇ ಇನ್ನೊಂದು ಸಲ ಹಿಂಡಿದಳು. "ಮುಚ್ಚವ್ರೆ," ಅಂದಳು. ಅಷ್ಟೇ.

ಪುಟ್ಟಲಕ್ಷ್ಮಮ್ಮ ಗೆದ್ದಳು. ಎರಡು ಮನೆಯವರೂ ಹಾರ ಹಾಕಿದರು. ಪುರಸಭೆಯ ಕುರ್ಚಿಯಲ್ಲಿ ಮೊದಲ ದಿನ ತುದಿಯಲ್ಲೇ ಕೂತಿದ್ದಳು, ಪೂರ್ತಿ ಹಿಂದಕ್ಕೆ ಒರಗಿದರೆ ಯಾರದೋ ಜಾಗದಲ್ಲಿ ಕೂತ ಹಾಗಾಗುತ್ತದೆ ಅಂತ. ಬೀದಿದೀಪ, ಚರಂಡಿ, ನಲ್ಲಿ ಅಂತ ಮಾತು ಹರಿಯುತ್ತಿದ್ದರೆ ಅವಳ ಕಣ್ಣಿಗೆ ಮಾತ್ರ ಮಂಜಿನೊಳಗಿನ ಆ ಮೆಟ್ಟಿಲೇ ಬರುತ್ತಿತ್ತು. ಒಗೆದ ಬಟ್ಟೆಯ ಕುಕ್ಕೆ ಹೊತ್ತು ಅಷ್ಟು ದೂರ ಸುತ್ತಿ ಬರುವ ಬಸುರಿ ಹೆಂಗಸರು, ಮುದುಕಿಯರು, ಎಲ್ಲರನ್ನೂ ಆ ಓಣಿಯಲ್ಲಿ ನಡೆಸುವುದೊಂದೇ ತಾನು ಮಾಡಬೇಕಾದ ಕೆಲಸ ಅನ್ನಿಸಿತು.

ಗೋಡೆಯಾಚೆ ಇದ್ದದ್ದು ನಂಜಪ್ಪನ ಕೊಟ್ಟಿಗೆ ಅಂತ ವಿಚಾರಿಸಿ ತಿಳಿದು, ಮೊದಲು ಅವನನ್ನೇ ಕೇಳಿದಳು. ಅವನು ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಬಾರವ್ವ ತಂಗಿ ಅಂತ ನಗುತ್ತಲೇ ಕರೆದ.

"ಅಣ್ಣಯ್ಯ, ನಿಮ್ಮ ಕೊಟ್ಟಿಗೆ ಇರೋದು ಹೊಳೆ ಓಣೀಲಂತೆ. ದನ ಕಟ್ಟಾಕೆ ನಿಮಗೆ ಬೇರೆ ಜಾಗ ಇಲ್ವಾ? ಅದನ್ನ ಬುಟ್ಕೊಟ್ರೆ ಹೆಣ್ಮಕ್ಳಿಗೆ ಒಳ್ಳೇದಾಗ್ತಿತ್ತು."

ಹಗ್ಗ ಹೊಸೆಯುವ ಕೈ ನಿಂತಿತು. ನಗು ಎಲ್ಲಿ ಹೋಯಿತೋ. "ಅದೊಂದು ಬ್ಯಾಡ ಬುಡವ್ವ," ಅಂದ. ಎದ್ದು ಒಳಗೆ ಹೋದ. ನಡುಮನೆಯ ಬಾಗಿಲಲ್ಲಿ ಅವನ ಹೆಂಡತಿ ಸಿದ್ದಲಿಂಗಮ್ಮ ನಿಂತಿದ್ದಳು. ಅವಳು ಪುಟ್ಟಲಕ್ಷ್ಮಮ್ಮನನ್ನು ಎಷ್ಟೋ ಹೊತ್ತು ಹಾಗೇ ನೋಡಿದಳು.

ಇದು ಜಾಗದ ಆಸೆ ಅಂತ ಪುಟ್ಟಲಕ್ಷ್ಮಮ್ಮ ತಿಳಿದಳು. ಮುಂದಿನ ಸಭೆಯಲ್ಲಿ ಎದ್ದು ನಿಂತೇಬಿಟ್ಟಳು. "ನಮ್ಮ ವಾರ್ಡಲ್ಲಿ ಹೊಳೆ ಓಣಿ ಅಂತ ಒಂದು ದಾರಿ ಇತ್ತು. ಅದಕ್ಕೆ ಗೋಡೆ ಹಾಕಿ ದನ ಕಟ್ಟವ್ರೆ. ಅದನ್ನ ತೆಗೆಸ್ಬೇಕು."

ಊರಿನ ಹಳಬರೆಲ್ಲ ಮೇಜು ನೋಡುತ್ತ ಕೂತರು. ಕೆಂಪಣ್ಣನ ಅಳಿಯ ಒಬ್ಬ, ಪಕ್ಕದ ವಾರ್ಡಿನ ಮೆಂಬರು, ಅವನೊಬ್ಬನೇ ಮೇಜು ಕುಟ್ಟಿ, "ಮೆಂಬರಮ್ಮ ಸರಿಯಾಗೇ ಕೇಳ್ತಾವ್ರೆ! ತೆಗೆಸ್ರಿ!" ಅಂದ. ಆ ಮಾತಿನಲ್ಲಿದ್ದ ಖುಷಿ ಅವಳಿಗೆ ಯಾಕೋ ಹಿಡಿಸಲಿಲ್ಲ.

ಅವತ್ತು ದೀಪ ಹಚ್ಚುವ ಹೊತ್ತಿಗೆ ನಂಜಪ್ಪ ಅವಳ ಮನೆ ಮುಂದೆ ಬಂದು ನಿಂತ. ಒಳಗೆ ಬನ್ನಿ ಅಂದರೆ ಬರಲಿಲ್ಲ.

"ನೀನು ಯಾರ ಪೈಕೀನೂ ಅಲ್ಲ ಅಂತ ನಿಲ್ಸಿದ್ದು ನಾನೇ ಕಣವ್ವ. ತಪ್ಪು ನಂದೇ," ಅಂದ. "ಈ ಊರಾಗೆ ಹುಟ್ಟಿದ ನಾಯೀನೂ ಆ ಗ್ವಾಡೆ ಸುದ್ದಿಗೆ ಬರಾಕಿಲ್ಲ."

ಸಿಟ್ಟಿನಲ್ಲಿ ಹೇಳಿದ್ದರೆ ಅವಳು ಏನಾದರೂ ಅನ್ನುತ್ತಿದ್ದಳು. ಅವನ ದನಿ ಒಡೆದಿತ್ತು. ಹೇಳಿದವನೇ ತಿರುಗಿ ನಡೆದುಬಿಟ್ಟ. ಒಳಗಿದ್ದ ಸೋಮಯ್ಯ ಹೊರಗೆ ಬಂದು ನಿಂತ. "ಅವರ ಕೊಟ್ಟಿಗೇಗೆ ನಾನು ಇಂಜೆಕ್ಷನ್ ಕೊಡಾಕೆ ಓಗಿವ್ನಿ," ಅಂದ ಮೆಲ್ಲಗೆ. "ಹಿಂದಿನ ಗ್ವಾಡೇಲಿ ಒಂದು ಗೂಡೈತೆ. ದಿನಾ ಅಲ್ಲಿ ದೀಪ ಹಚ್ತಾರೆ. ದೇವರ ಪಟ ಇಲ್ಲ. ಯಾಕೆ ಅಂತ ನಾನು ಕೇಳ್ಳಿಲ್ಲ."

ಬೆಳಗಾಗುತ್ತಲೇ ಅವಳು ಮಾರಮ್ಮನ ಮನೆಗೆ ಹೋಗಿ ಹೊಸಿಲ ಮೇಲೆ ಕೂತಳು. ಮುದುಕಿ ಈ ಸಲ ತಪ್ಪಿಸಿಕೊಳ್ಳಲಿಲ್ಲ.

ನಂಜಪ್ಪನಿಗೂ ಸಿದ್ದಲಿಂಗಮ್ಮನಿಗೂ ಚೆಲುವಿ ಅಂತ ಒಬ್ಬಳು ಮಗಳಿದ್ದಳಂತೆ. ಇನ್ನೂ ಲಂಗ ಎಳೆದುಕೊಂಡು ಓಡಾಡುವ ಕೂಸು. ಪುಟ್ಟಲಕ್ಷ್ಮಮ್ಮ ಈ ಊರಿಗೆ ಬರುವುದಕ್ಕೆ ಮೊದಲು, ಒಂದು ಮಳೆಗಾಲದಲ್ಲಿ ಹೊಳೆ ತುಂಬಿ ಬಂದಿತ್ತು. ಬೀದಿಯ ಜನವೆಲ್ಲ ಓಣಿಯ ಬಾಯಲ್ಲಿ ನಿಂತು ನೀರು ನೋಡುತ್ತಿದ್ದರು. ಮಗು ಯಾರ ಕಾಲಿನ ಸಂದಿಯಲ್ಲಿ ನುಸುಳಿತೋ, ಯಾವ ಮೆಟ್ಟಿಲಲ್ಲಿ ಜಾರಿತೋ, ಯಾರೂ ಕಾಣಲಿಲ್ಲ. ದೇಹವೂ ಸಿಗಲಿಲ್ಲ. ನೀರು ಇಳಿದ ಮೇಲೆ ನಂಜಪ್ಪ ತಾನೇ ಮಣ್ಣಿನ ಹಸಿ ಇಟ್ಟಿಗೆ ಇಟ್ಟು ಗೋಡೆ ಎಬ್ಬಿಸಿ, ಓಣಿಯಲ್ಲಿ ದನ ಕಟ್ಟಿದ. ಬ್ಯಾಡ ಅನ್ನಲು ಒಬ್ಬರಿಗೂ ಬಾಯಿ ಬರಲಿಲ್ಲ. ಅಷ್ಟು ಜನ ಅಲ್ಲೇ ನಿಂತಿದ್ದರಲ್ಲ!

"ಮೊದ್ಲೇ ಯಾಕ್ ಹೇಳ್ಳಿಲ್ಲ ಅಜ್ಜಿ?"

"ನಿಂಗೂ ಗೊತ್ತಿರ್ತದೆ ಅಂದ್ಕೊಂಡೆ ಕಣ್ ಮಗ. ಇಲ್ಲಿ ಎಲ್ಲಾರ್ಗೂ ಗೊತ್ತಲ್ಲ."

ಪುಟ್ಟಲಕ್ಷ್ಮಮ್ಮ ಮುಂದಿನ ಸಭೆಯಲ್ಲಿ ಎದ್ದು, ಆ ಓಣಿ ಮಾತು ವಾಪಸ್ ತಗೊಂಡಿದ್ದೀನಿ ಅಂದಳು. ಅದರಿಂದ ನಂಜಪ್ಪನ ಮುಖ ತಿಳಿಯಾಗಲಿಲ್ಲ, ಕೆಂಪಣ್ಣನ ಕಡೆಯವರ ಮುಖ ಮಾತ್ರ ಕೆಟ್ಟಿತು. ನಂಜಪ್ಪ ಬಾಯಿ ಮುಚ್ಚಿಸಿದ ಅಂತ ಡೈರಿಯ ಮುಂದೆ ಆಡಿಕೊಂಡರು. ಅವಳು ಹೋದರೆ ಮಾತು ನಿಲ್ಲುತ್ತಿತ್ತು. ಆ ಮಳೆಗಾಲವಿಡೀ ಅವಳು ನಿದ್ದೆಯಲ್ಲಿ ನಡೆಯುವವಳ ಹಾಗೆ ಬೀದಿಗಳಲ್ಲಿ ತಿರುಗಿದಳು. ಕೆಟ್ಟ ಬೀದಿದೀಪ ನೋಡಿದಳು, ಕಟ್ಟಿದ ಚರಂಡಿ ನೋಡಿದಳು. ತಲೆ ಎತ್ತಿದರೆ ಕಿಟಕಿ ಮುಚ್ಚಿಕೊಳ್ಳುತ್ತಿದ್ದವು. ಎಲ್ಲಿಂದಲೋ ಬಂದ ಹೊಳೆಯ ಸದ್ದು ಮಾತ್ರ ಎಲ್ಲ ಬೀದಿಯಲ್ಲೂ ಅವಳ ಜೊತೆಗೇ ಬರುತ್ತಿತ್ತು. ಸಿಂಧಘಟ್ಟಕ್ಕೇ ಹೋಗಿ ಒಂದು ವಾರ ಇದ್ದು ಬರೋಣ ಅನ್ನಿಸಿ ಸೀರೆ ಮಡಿಸಿಟ್ಟಿದ್ದೂ ಉಂಟು. ಮತ್ತೆ ಬಿಚ್ಚಿಟ್ಟಳು. ಅಲ್ಲಿ ಹೋದರೆ ಏನಂತ ಹೇಳುವುದು?

ಗೌರಿ ಹಬ್ಬ ಇನ್ನೇನು ಬಂತು ಅನ್ನುವಾಗ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಸಿದ್ದಲಿಂಗಮ್ಮ. ತಲೆಯ ಮೇಲೆ ಸೆರಗು, ಕೈಯಲ್ಲಿ ಒಂದು ಚೊಂಬು ಹಾಲು. ಆ ಮನೆಯಾಕೆ ಈ ಹೊಸಿಲು ದಾಟಿದ್ದು ಅದೇ ಮೊದಲು.

ಕೂತವಳು ಚೊಂಬನ್ನು ಮುಂದಕ್ಕೆ ತಳ್ಳಿದಳು. "ಯಾಕವ್ವ ಬುಟ್ಬುಟ್ಟೆ?" ಅಂದಳು.

ಪುಟ್ಟಲಕ್ಷ್ಮಮ್ಮನಿಗೆ ಅರ್ಥವಾಗಲಿಲ್ಲ. "ಏನು ಬುಟ್ಟೆ ಅಕ್ಕ?"

"ಓಣಿ ಸುದ್ದಿಯ. ನೀನು ಕೇಳ್ದಾಗ ನನ್ನೆದೆ ಧಸಕ್ ಅಂತು. ಇಷ್ಟ್ ವರ್ಸದಲ್ಲಿ ಒಬ್ರೂ ಕೇಳ್ಳಿಲ್ಲ. ಸದ್ಯ, ಯಾರೋ ಒಬ್ರು ಕೇಳುದ್ರಲ್ಲ ಅಂದ್ಕೊಂಡೆ. ಆಮ್ಯಾಕೆ ನೋಡುದ್ರೆ ನೀನೂ ಅವರಂಗೇ ಸುಮ್ಕಾಗ್ಬುಟ್ಟೆ."

"ನಂಗೆ ಮಗೀನ ಇಚಾರ ಗೊತ್ತಿರ್ಲಿಲ್ಲ ಅಕ್ಕ. ಗೊತ್ತಾದ ಮ್ಯಾಲೆ ಎಂಗೆ ಕೇಳ್ಳಿ?"

ಸಿದ್ದಲಿಂಗಮ್ಮ ಕಿಟಕಿಯ ಕಡೆ ನೋಡಿದಳು. ಅಲ್ಲಿಂದ ಹೊಳೆ ಕಾಣುತ್ತಿರಲಿಲ್ಲ, ಅದರ ಬೆಳಕು ಮಾತ್ರ ಎದುರು ಗೋಡೆಯ ಮೇಲೆ ಅಲ್ಲಾಡುತ್ತಿತ್ತು. "ಗ್ವಾಡೆ ಕಟ್ದೋರು ನನ್ನ ಕೇಳಿ ಕಟ್ಟಲಿಲ್ಲ. ಅವತ್ತಿಂದ ನಾನು ಹೊಳೆ ಮಕ ನೋಡಿಲ್ಲ. ಸುತ್ಕೊಂಡು ಹೋಗ್ಬೋದಿತ್ತು. ನಂಗೆ ಬೇಕಾಗಿರೋದು ನನ್ನ ಕೂಸು ಹೋದ ದಾರಿ." ಚೊಂಬಿನ ಅಂಚು ಸವರಿದಳು. "ಗೌರಿ ಹಬ್ಬದಲ್ಲಿ ಎಲ್ಲಾರೂ ಮದ್ವೆಯಾದ ಹೆಣ್ಮಕ್ಳಿಗೆ ಬಾಗಿನ ಕೊಡ್ತಾರೆ. ಚೆಲುವಿ ಇದ್ದಿದ್ರೆ ಈಗ ಗಂಡನ ಮನೇಲಿ ಇರೋಳು. ವರ್ಸ ವರ್ಸ ಒಂದು ಮರದ ಬಾಗಿನ ಹೆಚ್ಗೆ ಕಟ್ಟಿ ಅಟ್ಟದ ಮ್ಯಾಲೆ ಇಕ್ತೀನಿ. ಯಾರ್ಗೆ ಕೊಡ್ಲಿ? ನನ್ನ ಮಗಳಿರೋದು ಹೊಳೇಲಿ."

ಪುಟ್ಟಲಕ್ಷ್ಮಮ್ಮ ಅವಳ ಕೈ ಹಿಡಿದುಕೊಂಡಳು. ಗೊಂತಿನ ಕೆಲಸ ಮಾಡಿ ಒರಟಾದ ಕೈ.

"ನಂಜಪ್ಪಣ್ಣ ಒಪ್ತಾರಾ?"

"ಅವ್ರಿಗೆ ನಾನು ಹೇಳ್ತೀನಿ. ನೀನು ನನ್ನ ಪಕ್ಕದಲ್ಲಿ ನಿಂತ್ಕೊ. ಯಾರಾದ್ರೂ ಒಬ್ರು ನಿಂತ್ರೆ ನಂಗೆ ಮಾತು ಬತ್ತದೆ."

ಗೌರಿ ಹಬ್ಬದ ಬೆಳಗ್ಗೆ ಹೊಳೆಯ ಮಂಜು ಬೀದಿಯ ತನಕ ಬಂದಿತ್ತು. ಹೆಂಗಸರು ಅರಿಸಿನ ಕುಂಕುಮದ ತಟ್ಟೆ ಹಿಡಿದು ಸುತ್ತು ದಾರಿ ಹಿಡಿಯುವುದರಲ್ಲಿದ್ದರು. ಆಗ ಸಿದ್ದಲಿಂಗಮ್ಮ ಕೊಟ್ಟಿಗೆಯ ದನಗಳನ್ನು ಒಂದೊಂದಾಗಿ ಬಿಚ್ಚಿ ಬೀದಿಗೆ ಬಿಟ್ಟಳು. ಇನ್ನೂ ಹಾಲು ಕರೆಯದ ದನಗಳು ತುಂಬಿದ ಕೆಚ್ಚಲು ಹೊತ್ತು ಏನೂ ತಿಳಿಯದೆ ಮಂಜಿನೊಳಗೆ ನಿಂತವು. ಹೆಂಗಸರೂ ನಿಂತರು. ಜಗಲಿಯಲ್ಲಿ ನಂಜಪ್ಪ ಎದ್ದ.

"ಏನಮ್ಮಿ ಇದು?"

"ಇವತ್ತು ನಾನು ಚೆಲುವಿಗೆ ಬಾಗಿನ ಕೊಡ್ಬೇಕು. ದಾರಿ ಬುಡಿ," ಅಂದಳು ಸಿದ್ದಲಿಂಗಮ್ಮ. ಅವಳ ಪಕ್ಕದಲ್ಲಿ ಪುಟ್ಟಲಕ್ಷ್ಮಮ್ಮ ನಿಂತಿದ್ದಳು.

ನಂಜಪ್ಪ ಪುಟ್ಟಲಕ್ಷ್ಮಮ್ಮನನ್ನು ನೋಡಿದ. "ನೀನಾ ಹೇಳ್ಕೊಟ್ಟಿದ್ದು?"

"ನಾನು ಹೇಳ್ಕೊಟ್ಟಿಲ್ಲ ಅಣ್ಣಯ್ಯ. ಆದ್ರೆ ನಾನು ಅಕ್ಕನ ಕಡೆ," ಅಂದಳು.

ಅವನು ಜಗಲಿಯ ಮೇಲೆ ಕುಸಿದು ಕೂತ. ಸಿದ್ದಲಿಂಗಮ್ಮ ಮೂಲೆಯ ಹಾರೆ ತಗೊಂಡು ಗೋಡೆಗೆ ಹಾಕಿದಳು. ಎಷ್ಟೋ ವರ್ಷ ದನದ ಉಸಿರು, ಗಂಜಲ ಕುಡಿದ ಮಣ್ಣು ಮೆತ್ತಗಾಗಿತ್ತು. ಆದರೂ ಅವಳ ಏಟಿಗೆ ಬರೀ ಹೆಂಟೆ ಉದುರಿತು. ಪುಟ್ಟಲಕ್ಷ್ಮಮ್ಮ ಅವಳ ಕೈಗೆ ಕೈ ಕೂಡಿಸಿದಳು. ಇಬ್ಬರೂ ಹಾರೆ ಎತ್ತಿ ಇಳಿಸುವಾಗ ಬೀದಿಯವರು ನೋಡುತ್ತಿದ್ದರು.

ಹಿಂದಿನಿಂದ ನಂಜಪ್ಪ ಬಂದ. ಹಾರೆಗೆ ಕೈ ಚಾಚಿದ. "ಗೂಡಿರೋ ಕಡೀಕೆ ಹಾಕ್ತಾ ಇದೀರಾ. ಕೊಡು ಇಲ್ಲಿ," ಅಂದ.

ದೀಪದ ಗೂಡಿದ್ದ ಭಾಗವನ್ನು ಮುಟ್ಟದೆ, ಅದರ ಪಕ್ಕಕ್ಕೆ ಬಾಗಿಲಿನಷ್ಟಗಲ ಅವನು ಕೆಡವುತ್ತ ಹೋದ. ಒಂದು ಇಟ್ಟಿಗೆ ಆಚೆಗೆ ಬಿತ್ತು. ಆ ತೂತಿನಿಂದ ಹೊಳೆಯ ಬೆಳಕು ನೀರಿನ ಹಾಗೆ ಕೊಟ್ಟಿಗೆಯೊಳಗೆ ಸುರಿಯಿತು. ಗೊಂತು, ಹುಲ್ಲು, ಹಗ್ಗ, ಸೆಗಣಿಯ ನೆಲ, ಎಲ್ಲದರ ಮೇಲೂ ಬಿಳೀ ಬೆಳಕು ಕದಲಿತು. ಬೀದಿಯಲ್ಲಿದ್ದ ಹಸುವೊಂದು ನಡೆದುಬಂದು ಆ ಬೆಳಕಿಗೆ ಕತ್ತು ಚಾಚಿ ನಿಂತಿತು. ಗೋಡೆ ಬಿದ್ದಾಗ ಅಷ್ಟು ಜನರೂ ಒಟ್ಟಿಗೆ ಹೊಳೆ ಕಂಡರು. ಮಂಜಿನೊಳಗೆ ಅದು ಹರಿಯುತ್ತಿದೆಯೋ ನಿಂತಿದೆಯೋ ಹೇಳಲಾಗುತ್ತಿರಲಿಲ್ಲ.

ಸಿದ್ದಲಿಂಗಮ್ಮ ಬಾಗಿನದ ಮೊರವನ್ನು ಸೆರಗಿನಲ್ಲಿ ಹಿಡಿದು ಮೆಟ್ಟಿಲು ಇಳಿದಳು. ಒಂದೊಂದು ಮೆಟ್ಟಿಲಿನಲ್ಲೂ ನಿಂತು ಕಾಲಲ್ಲಿ ಕಲ್ಲನ್ನು ಸವರಿ ನೋಡಿ ಮುಂದಿನದಕ್ಕೆ ಹೋದಳು. ಅವಳ ಹಿಂದೆ ಪುಟ್ಟಲಕ್ಷ್ಮಮ್ಮ, ಮಾರಮ್ಮ, ಆಮೇಲೆ ಕೆಂಪಣ್ಣನ ಹೆಂಡತಿ, ಆ ಮನೆಯ ಸೊಸೆಯರು, ಬೀದಿಯ ಹೆಂಗಸರೆಲ್ಲ. ಬಾಗಿನ ನೀರಿಗೆ ಬಿಟ್ಟಾಗ ಅದು ತಕ್ಷಣ ಹೋಗಲಿಲ್ಲ. ಮೆಟ್ಟಿಲ ಹತ್ತಿರವೇ ಒಂದು ಸುತ್ತು ತಿರುಗಿತು. ಬಳೆ, ಬಿಚ್ಚೋಲೆ, ಅರಿಸಿನದ ಕೊಂಬು ತಿರುಗುವುದನ್ನು ಎಲ್ಲರೂ ನೋಡುತ್ತಿದ್ದರು. "ಹೋಗವ್ವ, ಹೋಗು," ಅಂದಳು ಸಿದ್ದಲಿಂಗಮ್ಮ, ಗಂಡನ ಮನೆಗೆ ಹೊರಟ ಮಗಳಿಗೆ ಹೇಳುವ ದನಿಯಲ್ಲಿ. ಅದು ಮಂಜಿನೊಳಗೆ ಹೋಯಿತು.

ನಂಜಪ್ಪ ಇಳಿಯಲಿಲ್ಲ. ಒಡೆದ ಗೋಡೆಯ ಹತ್ತಿರ ಹಾರೆಗೆ ಗಲ್ಲ ಊರಿ ನಿಂತಿದ್ದ.

ಕೊಟ್ಟಿಗೆ ಹಿತ್ತಲಿಗೆ ಹೋಯಿತು. ಪುರಸಭೆಯವರು ಓಣಿಗೆ ಚಪ್ಪಡಿ ಹಾಸಿದರು. ಗೂಡಿದ್ದ ತುಂಡು ಗೋಡೆ ಮಾತ್ರ ಮೆಟ್ಟಿಲ ತಲೆಯಲ್ಲಿ ಹಾಗೇ ಉಳಿಯಿತು, ಓಡಾಡುವವರು ಅದನ್ನು ಬಳಸಿಕೊಂಡು ಹೋಗುತ್ತಿದ್ದರು. ನಂಜಪ್ಪ ಪುಟ್ಟಲಕ್ಷ್ಮಮ್ಮನ ಜೊತೆ ಮಾತು ಬಿಟ್ಟ. ಎದುರಿಗೆ ಸಿಕ್ಕರೆ ಟವಲಿನಿಂದ ಮುಖ ಒರೆಸಿಕೊಳ್ಳುತ್ತ ದಾಟಿಬಿಡುತ್ತಿದ್ದ. ಮಿಕ್ಕವರು ಹಾಗಿರಲಿಲ್ಲ. ಅವಳು ಒಬ್ಬರ ಕಡೆ ನಿಂತದ್ದೇ ತಡ, ಎಲ್ಲರಿಗೂ ಅವಳ ಮೇಲೆ ಹಕ್ಕು ಬಂದ ಹಾಗಾಯಿತು. ನಲ್ಲಿಯಲ್ಲಿ ನೀರು ಬರದಿದ್ದರೆ ಬಾಗಿಲಿಗೆ ಬಂದು ಬೈಯುತ್ತಿದ್ದರು. ನಿನ್ನ ಕೈಲಿ ಆಗದಿದ್ರೆ ಯಾಕ್ ನಿಂತ್ಕೊಂಡೆ ಅಂತ ಕೆಂಪಣ್ಣನ ಹೆಂಡತಿಯೇ ಒಂದು ದಿನ ಜಗಳ ತೆಗೆದು, ಜಗಳ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಹೋದಳು. ಅವಳು ಹೋದ ಮೇಲೆ ಪುಟ್ಟಲಕ್ಷ್ಮಮ್ಮ ಒಬ್ಬಳೇ ನಕ್ಕಳು. ಬಾಡಿಗೆ ಮನೆಗಳ ಊರುಗಳಲ್ಲಿ ಎಲ್ಲರೂ ಅವಳೊಡನೆ ಮರ್ಯಾದೆಯಿಂದಲೇ ಮಾತಾಡಿದ್ದರು.

ಮಾರನೆಯ ವರ್ಷ ಮಳೆ ಹಿಡಿದ ಮೇಲೆ ಒಂದು ಬೆಳಗ್ಗೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ನಂಜಪ್ಪ. ಪಂಚೆ ಒದ್ದೆಯಾಗಿತ್ತು, ಮೊಣಕೈ ತರಚಿತ್ತು, ಒಂದು ಕಾಲು ಕುಂಟುತ್ತಿತ್ತು.

"ಏನಮ್ಮಿ ಮೆಂಬ್ರು! ಮೆಟ್ಲೆಲ್ಲ ಪಾಚಿ ಕಟ್ಟೈತೆ, ಕಣ್ ಕಾಣಾಕಿಲ್ವಾ ನಿಂಗೆ? ಸತ್ತೇ ಹೋಗ್ತಿದ್ದೆ!"

ಪುಟ್ಟಲಕ್ಷ್ಮಮ್ಮ ಅವನ ತರಚಿದ ಮೊಣಕೈ ನೋಡಿದಳು. "ನೀವ್ಯಾಕೆ ಹೊಳೇಗೆ ಇಳುದ್ರಿ ಅಣ್ಣಯ್ಯ?"

"ಯಾಕೆ ಅಂದ್ರೆ? ದಿನಾ ಓಗಿ ಒಂದ್ ಗಳಿಗೆ ಕೂತಿದ್ದು ಬತ್ತೀನಿ. ಕೇಳೋಕೆ ನೀನ್ಯಾರು?" ಅಂದ. ಆಮೇಲೆ ದನಿ ತಗ್ಗಿಸಿ, "ಮಕ್ಳು ಮರಿ ಬತ್ತವೆ ಅಲ್ಲಿಗೆ. ಒಂದು ಕಬ್ಬಿಣದ ಕಂಬಿ ಹಾಕ್ಸು. ಹಿಡ್ಕೊಳ್ಳಾಕೆ," ಅಂದ.

ಅವಳು ಬೂದಿಯ ಬುಟ್ಟಿ, ತೆಂಗಿನ ಜುಂಗು ತಗೊಂಡು ಅವನ ಜೊತೆಗೇ ಹೊರಟಳು. ಹಿಂದೆ ಸೋಮಯ್ಯ ದನದ ಆಸ್ಪತ್ರೆಯ ಮುಲಾಮು ಹಿಡಿದು, ನಿಲ್ಲಿ, ಮೊಣಕೈ ತೋರ್ಸಿ ಅಂತ ಕೂಗುತ್ತ ಬಂದ. ಮೆಟ್ಟಿಲ ತಲೆಯಲ್ಲಿ ನಿಂತು ಪುಟ್ಟಲಕ್ಷ್ಮಮ್ಮನೂ ನಂಜಪ್ಪನೂ ಕೆಳಗೆ ನೋಡಿದರು. ಹೊಳೆ ಕೆಂಪಗೆ, ತುಂಬಿ, ಸದ್ದಿಲ್ಲದೆ ಹೋಗುತ್ತಿತ್ತು.

"ಬಲಗಡೆ ಹಾಕ್ಸಾನ," ಅಂದಳು ಪುಟ್ಟಲಕ್ಷ್ಮಮ್ಮ. "ಹತ್ತಿ ಬರೋರಿಗೆ ಅನುಕೂಲ."

"ಥೂ, ನಿಂಗೇನ್ ಗೊತ್ತು. ಎಡಗಡೆ ಹಾಕ್ಸು. ಇಳಿಯೋರಿಗೆ ಬೇಕಾಗೋದು."

"ಇಳಿಯೋರಿಗೂ ಹತ್ತೋರಿಗೂ ಅದೇ ಮೆಟ್ಲು ಅಲ್ವಾ ಅಣ್ಣಯ್ಯ?"

"ಅಲ್ಲ!"

ಕುಕ್ಕೆ ಹೊತ್ತು ಬಂದ ಮಾರಮ್ಮ ಇಬ್ಬರ ಹಿಂದೆ ನಿಂತು, ಜಗಳ ಆಡೋದಾದ್ರೆ ಪಕ್ಕಕ್ಕೆ ಸರ್ಕೊಂಡು ಆಡ್ರವ್ವ, ದಾರಿ ಬುಡಿ ಅಂದಳು. ಇಬ್ಬರೂ ಸರಿದು ಅವಳಿಗೆ ದಾರಿ ಕೊಟ್ಟರು. ಮುದುಕಿ ಪಾಚಿಯ ಮೇಲೆ ಹುಷಾರಾಗಿ ಕಾಲಿಡುತ್ತ ಇಳಿದು ನೀರಿನ ಹತ್ತಿರ ಹೋಗುವ ತನಕ ನಂಜಪ್ಪ ಕೈ ಚಾಚಿಕೊಂಡೇ ನಿಂತಿದ್ದ.